ಮಳೆಗೆ ಹರಕೆ, ಮಾಟಕ್ಕೆ ನಿಂಬೆಹಣ್ಣು

ಕಾಫಿಯ ಹೂವು ಅರಳಿದ ದಿನ ಮಲೆನಾಡನ್ನು ನೋಡಬೇಕು. ಹಿಂದಿನ ಸಂಜೆಯವರೆಗೂ ಹಸುರಾಗಿದ್ದ ಗುಡ್ಡದ ಓರೆ, ಬೆಳಗಾಗುವಷ್ಟರಲ್ಲಿ ಮಲ್ಲಿಗೆಯ ದಂಡೆ ಮುಡಿದಂತೆ ಬೆಳ್ಳಗಾಗಿರುತ್ತದೆ. ಗಾಳಿಯಲ್ಲಿ ಒಂದು ಬಗೆಯ ಮತ್ತೇರಿಸುವ ಪರಿಮಳ. ಜೇನುನೊಣಗಳ ಝೇಂಕಾರವನ್ನುಳಿದು ಬೇರೆ ಸದ್ದಿಲ್ಲ. ಎರಡು ಮೂರು ದಿನಗಳು ಕಳೆದರೆ ಈ ವೈಭವವೆಲ್ಲ ಕಂದು ಬಣ್ಣಕ್ಕೆ ತಿರುಗಿ ಉದುರಿಹೋಗುತ್ತದೆ. ಆದರೆ ಆ ಎರಡು ಮೂರು ದಿನಗಳಲ್ಲಿಯೇ ತೋಟದ ಯಜಮಾನನ ಒಂದು ವರ್ಷದ ಭವಿಷ್ಯ ನಿರ್ಧಾರವಾಗಿರುತ್ತದೆ.

ಅಂತಹ ಒಂದು ಮುಂಜಾನೆ ನಾವು ಮೂಡಿಗೆರೆಯಿಂದ ಹೊರಟು, ಕೊಟ್ಟಿಗೆಹಾರದಲ್ಲಿ ಹೆಸರುವಾಸಿಯಾದ ನೀರುದೋಸೆ ತಿಂದು, ಕಳಸದ ಕಡೆಗೆ ಸಾಗುವ ದಾರಿಯಲ್ಲಿ ಪರಿಚಿತರೊಬ್ಬರ ತೋಟವನ್ನು ಸೇರಿದೆವು. ತಮ್ಮ ಹೆಸರನ್ನು ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ಗೌಡರೆಂದಷ್ಟೇ ಕರೆಯುತ್ತೇನೆ. ಎಪ್ಪತ್ತು ದಾಟಿದ ವಯಸ್ಸು. ಜಗುಲಿಯ ಮೇಲೆ ಕುಳಿತಿದ್ದ ಅವರು ನಮ್ಮನ್ನು ಕಂಡೊಡನೆ ಹೇಳಿದ ಮೊದಲ ಮಾತು ಇದು:

“ಬನ್ನಿ ಸ್ವಾಮೀ, ಒಳ್ಳೆಯ ದಿನವೇ ಬಂದಿದ್ದೀರಿ. ಒಂಬತ್ತು ದಿನದ ಹಿಂದೆ ಒಂದಿಂಚು ಹತ್ತು ಸೆಂಟು ಬಿತ್ತು. ದೇವರು ಕಣ್ಣು ಬಿಟ್ಟ.”

ಒಂದಿಂಚು ಹತ್ತು ಸೆಂಟು ಎಂಬುದು ಮಳೆಯ ಲೆಕ್ಕ. ದೇವರು ಕಣ್ಣು ಬಿಟ್ಟನೆಂಬುದು ನಂಬಿಕೆಯ ಲೆಕ್ಕ. ಕಾಫಿ ಸೀಮೆಯ ಜನ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅವರ ಅಂಗಳದಲ್ಲಿ ಒಂದು ಮಳೆಮಾಪಕವಿದೆ. ಅದರಿಂದ ನೂರು ಮಾರು ದೂರದಲ್ಲಿ, ಬೃಹದಾಕಾರದ ಅತ್ತಿಯ ಮರದ ಬುಡದಲ್ಲಿ, ಕುಂಕುಮ ಮೆತ್ತಿದ ಒಂದು ಕಲ್ಲೂ ಇದೆ. ಅದು ಚೌಡಿ. ಬೆಳಿಗ್ಗೆ ಎಂಟು ಗಂಟೆಗೆ ಮಾಪಕವನ್ನು ನೋಡಿ ಪುಸ್ತಕದಲ್ಲಿ ಬರೆಯುವ ಕೈಯೇ ಸಂಜೆ ಚೌಡಿಗೆ ದೀಪ ಹಚ್ಚುತ್ತದೆ.

ಮಂತ್ರ, ಮಾಟ, ಹರಕೆ, ದೈವ ಎಂಬ ಮಾತುಗಳನ್ನು ಕೇಳಿದೊಡನೆ ಪಟ್ಟಣವಾಸಿಗಳಾದ ನಾವು ಒಂದೋ ನಗುತ್ತೇವೆ, ಇಲ್ಲವೇ ಹೆದರುತ್ತೇವೆ. ಈ ಗಿರಿಗಳಲ್ಲಿ ನಾಲ್ಕು ದಿನ ಇದ್ದು ನೋಡಿದ ಮೇಲೆ, ನಗುವುದಕ್ಕೂ ಹೆದರುವುದಕ್ಕೂ ಮೊದಲು ತಿಳಿದುಕೊಳ್ಳಬೇಕಾದ ಒಂದು ಭೇದವಿದೆಯೆಂದು ನಮಗೆ ತೋರಿತು. ಆ ಭೇದವನ್ನು ಗೌಡರ ಮಳೆ ಪುಸ್ತಕವೇ ನಮಗೆ ಕಲಿಸಿತು.

ತಿಂಗಳಿಗೊಂದು ಪ್ರಾರ್ಥನೆ

ಆ ಪುಸ್ತಕವನ್ನು ಗೌಡರ ತಂದೆ ಪ್ರಾರಂಭಿಸಿದ್ದರು. ಈಗ ಅದು ಒಂದಲ್ಲ, ರಟ್ಟು ಕಟ್ಟಿದ ಏಳೆಂಟು ಪುಸ್ತಕಗಳ ಒಂದು ಕಟ್ಟು. ಎಡಗಡೆ ತಾರೀಖು, ನಡುವೆ ಇಂಚು ಮತ್ತು ಸೆಂಟು, ಬಲಗಡೆ ಷರಾ. ಷರಾ ಎಂಬಲ್ಲಿ ಮಳೆ ನಕ್ಷತ್ರದ ಹೆಸರು ಇರುತ್ತದೆ: ಭರಣಿ, ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು 13 ಅಥವಾ 14 ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ವಾಚಕರು ಕೇಳಿಯೇ ಇರುವಿರಿ.

ಕಾಫಿ ಬೆಳೆಗಾರನಷ್ಟು ಮಳೆಯ ವಿಷಯದಲ್ಲಿ ಚಂಚಲಚಿತ್ತನಾದ ಭಕ್ತ ಇನ್ನೊಬ್ಬನಿರಲಾರ. ಜನವರಿಯಲ್ಲಿ ಮಳೆ ಬರಕೂಡದು. ಕೊಯ್ದ ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಮಳೆ ಬರಲೇಬೇಕು. ಒಣಹವೆಯಲ್ಲಿ ತಪಸ್ಸಿಗೆ ಕುಳಿತಂತಿರುವ ಮೊಗ್ಗು ಸುಮಾರು ಒಂದಿಂಚು ಮಳೆಯಿಂದ ಎಚ್ಚರಗೊಂಡು, ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಇದೇ ಹೂಮಳೆ. ಆದರೆ ಹೂವು ಅರಳಿರುವ ದಿನ ಮಾತ್ರ ಮಳೆ ಬರಬಾರದು. ಪರಾಗ ತೊಯ್ದರೆ ಕಾಯಿ ಕಚ್ಚುವುದಿಲ್ಲ. ಮತ್ತೆ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಬರಬೇಕು. ಇಲ್ಲವಾದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಜೂನಿನಲ್ಲಿ ಮುಂಗಾರು ಬರಬೇಕು, ಆದರೆ ಜುಲೈ, ಆಗಸ್ಟಿನಲ್ಲಿ ಎಡೆಬಿಡದೆ ಸುರಿಯಬಾರದು; ಸುರಿದರೆ ಕೊಳೆರೋಗ.

ಈ ಕೊಳೆರೋಗದ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಮೈಸೂರು ಸೀಮೆಯ ಕಾಫಿ ಗಿಡದ ಎಲೆಯನ್ನು ಕೊಳೆಸುವ ಬೂಷ್ಟನ್ನು 1876ರಲ್ಲಿ ವಿವರಿಸಿದ ಆಂಗ್ಲ ಶಿಲೀಂಧ್ರತಜ್ಞ ಕುಕ್ ಎಂಬಾತನು, ನಮ್ಮ ಜನರ ಬಾಯಲ್ಲಿದ್ದ ಕೊಳೆರೋಗವೆಂಬ ಕನ್ನಡ ಶಬ್ದವನ್ನೇ ಅದರ ಶಾಸ್ತ್ರೀಯ ನಾಮಧೇಯದಲ್ಲಿ ಸೇರಿಸಿಬಿಟ್ಟನು. ಅಡಿಕೆಗೂ ಇದೇ ಹೆಸರಿನ, ಆದರೆ ಬೇರೆ ಬೂಷ್ಟಿನಿಂದ ಬರುವ ಒಂದು ರೋಗವಿದೆ. ಅಡಿಕೆಯ ಗೊನೆಗಳಿಗೆ ಕೊಟ್ಟೆ ಕಟ್ಟಿ, ದೈವಕ್ಕೆ ಹರಕೆ ಹೊತ್ತು ಕುಳಿತುಕೊಳ್ಳುತ್ತಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಆ ರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ಕಾರಣವನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದರು. ಅದು ಇಂದಿಗೂ ನಡೆದುಬಂದಿದೆ.

“ಮುಂಗಾರಿಗೆ ಮೊದಲು ಚೌಡಿಗೆ ಕಾಯಿ ಒಡೆಯುತ್ತೀರೋ, ಮೈಲುತುತ್ತ ಹೊಡೆಯುತ್ತೀರೋ?” ಎಂದು ನಾವು ಗೌಡರನ್ನು ಕೇಳಿದೆವು.

“ಎರಡೂ” ಎಂದರು ಅವರು. “ಕಾಯಿ ಒಡೆಯುವುದು ನನ್ನ ಧೈರ್ಯಕ್ಕೆ. ಮೈಲುತುತ್ತ ಗಿಡದ ಧೈರ್ಯಕ್ಕೆ.”

ಋಷ್ಯಶೃಂಗನ ಸನ್ನಿಧಿಯಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಶೃಂಗೇರಿಯಿಂದ ಆರು ಮೈಲಿಗಳಷ್ಟು ದೂರದಲ್ಲಿ ಕಿಗ್ಗಾ ಎಂಬ ಗ್ರಾಮವಿದೆ. ಅಲ್ಲಿ ಋಷ್ಯಶೃಂಗೇಶ್ವರನ ದೇವಾಲಯ. ಮಳೆಯ ವಿಷಯದಲ್ಲಿ ಇಡೀ ಮಲೆನಾಡಿನ ಕೊನೆಯ ಮೊರೆ ಸಲ್ಲುವುದು ಇಲ್ಲಿಯೇ.

ಋಷ್ಯಶೃಂಗನ ಕಥೆ ರಾಮಾಯಣದಲ್ಲಿಯೂ ಮಹಾಭಾರತದಲ್ಲಿಯೂ ಬರುತ್ತದೆ. ವಿಭಾಂಡಕ ಮುನಿಯ ಮಗನಾದ ಈತನು ಸ್ತ್ರೀಯರ ಮುಖವನ್ನೇ ಕಾಣದೆ ಕಾಡಿನಲ್ಲಿ ಬೆಳೆದವನು. ಅಂಗದೇಶದಲ್ಲಿ ಅನಾವೃಷ್ಟಿಯಾದಾಗ, ಈ ಪರಿಶುದ್ಧನು ಕಾಲಿಟ್ಟರೆ ಮಳೆ ಬರುವುದೆಂದು ಕೇಳಿ ರೋಮಪಾದರಾಜನು ಅವನನ್ನು ಉಪಾಯದಿಂದ ಕರೆಸಿಕೊಂಡನು. ಅವನು ಬಂದೊಡನೆ ಮಳೆ ಸುರಿಯಿತು. ದಶರಥನಿಗೆ ಪುತ್ರಕಾಮೇಷ್ಟಿಯನ್ನು ಮಾಡಿಸಿದವನೂ ಈತನೇ. ಶೃಂಗೇರಿ ಎಂಬ ಹೆಸರೇ ಋಷ್ಯಶೃಂಗಗಿರಿ ಎಂಬುದರಿಂದ ಬಂದಿತೆಂದು ಹೇಳುವುದುಂಟು. ಕಿಗ್ಗಾದ ಸುತ್ತ ಹನ್ನೆರಡು ಯೋಜನದೊಳಗೆ ಬರಗಾಲ ಸುಳಿಯದೆಂಬುದು ಸ್ಥಳದ ನಂಬಿಕೆ.

ಭೂಗೋಳವನ್ನು ಬಲ್ಲವರು ಈ ನಂಬಿಕೆಗೆ ಇನ್ನೊಂದು ವಿವರಣೆಯನ್ನು ಕೊಟ್ಟಾರು. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಯು ಸಹ್ಯಾದ್ರಿಯ ಗೋಡೆಗೆ ಬಡಿದು, ಮೇಲೇರಿ, ತಣ್ಣಗಾಗಿ, ತನ್ನ ಹೊರೆಯನ್ನೆಲ್ಲ ಇಲ್ಲಿಯೇ ಇಳಿಸಿಬಿಡುತ್ತದೆ. ಬೆಟ್ಟವನ್ನು ದಾಟಿ ಪೂರ್ವಕ್ಕೆ ಹೋದಂತೆ ಗಾಳಿಯ ಬುತ್ತಿ ಬರಿದಾಗುತ್ತದೆ. ಆದುದರಿಂದಲೇ ಇದೇ ಜಿಲ್ಲೆಯ ಕಡೂರು ಬಯಲುಸೀಮೆಯಾಗಿ ಮಳೆಗೆ ಬಾಯಿ ಬಿಡುತ್ತಿರುವಾಗ ಶೃಂಗೇರಿಯ ಕಡೆ ಕಂಬಳಿ ಒಣಗುವುದಿಲ್ಲ.

ಆದರೆ ಕಿಗ್ಗಾದ ನಿಜವಾದ ವಿಶೇಷವಿರುವುದು ಬೇರೆಡೆ. ಮಳೆ ಬಾರದಿದ್ದರೆ ಬರಲೆಂದು ಪ್ರಾರ್ಥಿಸುವುದೂ ಇಲ್ಲಿಯೇ, ಬಂದ ಮಳೆ ಮಿತಿಮೀರಿದರೆ ಸಾಕು ನಿಲ್ಲಿಸೆಂದು ಬೇಡಿಕೊಳ್ಳುವುದೂ ಇಲ್ಲಿಯೇ. ಇದನ್ನು ಯೋಚಿಸಿ ನೋಡಿದರೆ, ಇಲ್ಲಿಯ ಭಕ್ತನು ಮಳೆಯನ್ನು ತನ್ನ ಅಪ್ಪಣೆಗೆ ಒಳಪಡಿಸಲು ಹೊರಟವನಲ್ಲ. ತನ್ನ ಕಷ್ಟವನ್ನು ಹೇಳಿಕೊಳ್ಳಲು ಬಂದವನು ಎಂಬುದು ತಿಳಿಯುತ್ತದೆ.

ಗೌಡರ ಪುಸ್ತಕದಲ್ಲಿ 2019ನೆಯ ಇಸವಿಯ ಪುಟಗಳನ್ನು ನಾವು ನೋಡಿದೆವು. ಆ ವರ್ಷ ಮುಂಗಾರು ಕೇರಳದ ತೀರವನ್ನು ಮುಟ್ಟಿದ್ದು ಜೂನ್ 8ರಂದು, ವಾಡಿಕೆಗಿಂತ ಒಂದು ವಾರ ತಡವಾಗಿ. ಜೂನ್ ಮೊದಲ ವಾರದಲ್ಲಿ, ಮುಜರಾಯಿ ದೇವಾಲಯಗಳಲ್ಲಿ ಪರ್ಜನ್ಯಜಪ ಮಾಡಿಸಬೇಕೆಂದು ಸರ್ಕಾರವೇ ಸುತ್ತೋಲೆ ಹೊರಡಿಸಿತು. ಅರ್ಚಕರು ಕೊಳಗಗಳಲ್ಲಿ ನೀರು ತುಂಬಿ ಅದರಲ್ಲಿ ಕುಳಿತು ಜಪ ಮಾಡುವ ಚಿತ್ರಗಳನ್ನು ವಾಚಕರು ಕಂಡಿರಬಹುದು. ಅದೇ ತಿಂಗಳು ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆಯೂ ನಡೆಯಿತು. ಗೌಡರ ಷರಾ: “ಕಿಗ್ಗಾಕ್ಕೆ ಹೋಗಿ ಬಂದೆವು.”

ಎರಡು ತಿಂಗಳ ಅನಂತರ, ಆಗಸ್ಟಿನ ಎರಡನೆಯ ವಾರ, ಆಶ್ಲೇಷ ಮಳೆ. ಅಂಕಣದಲ್ಲಿ ಇಂಚುಗಳ ಸಂಖ್ಯೆ ದಿನದಿನಕ್ಕೆ ಏರುತ್ತ ಹೋಗಿದೆ. ಒಂದು ದಿನ ಅಂಕಿಯೇ ಇಲ್ಲ, “ಮಾಪಕ ತುಂಬಿ ಚೆಲ್ಲಿತು” ಎಂದಿದೆ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆ ಗುಡ್ಡಗಳೇ ಜಾರಿ ಮನೆ, ಗದ್ದೆ, ತೋಟಗಳು ಮಣ್ಣುಪಾಲಾದದ್ದು ಆಗಲೇ. ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತುಹೋಯಿತು. ತಲೆಮಾರುಗಳಿಂದ ಬಾಳಿದ ಮನೆಯನ್ನು ಉಟ್ಟ ಬಟ್ಟೆಯಲ್ಲಿ ಬಿಟ್ಟು ಬಂದವರು ಎಷ್ಟೋ ಮಂದಿ. ಆ ದಿನದ ಷರಾ ಎರಡೇ ಮಾತು: “ಸಾಕು ತಂದೆ.”

“ಜೂನಿನಲ್ಲಿ ಬಾ ಎಂದವರೂ ನಾವೇ, ಆಗಸ್ಟಿನಲ್ಲಿ ಹೋಗು ಎಂದವರೂ ನಾವೇ” ಎಂದರು ಗೌಡರು. “ಯಾರನ್ನು ದೂರೋಣ ಹೇಳಿ?”

ಮಳೆಯನ್ನು ಕರೆಯುವ ಆಸೆ ಮಂತ್ರದವರಿಗೆ ಮಾತ್ರ ಇರುವುದೆಂದು ಭಾವಿಸಬೇಕಾಗಿಲ್ಲ. 1946ರ ನವೆಂಬರಿನಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಎಂಬಾತನು ವಿಮಾನದಿಂದ ಮೋಡದ ಮೇಲೆ ಒಣ ಮಂಜುಗಡ್ಡೆಯ ಚೂರುಗಳನ್ನು ಎರಚಿ ಹಿಮ ಬೀಳುವಂತೆ ಮಾಡಿದನು. ಅದೇ ವಿದ್ಯೆಯ ಮುಂದುವರಿಕೆಯಾಗಿ ನಮ್ಮ ಸರ್ಕಾರವೂ 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಿಂದ ಮೋಡ ಬಿತ್ತನೆಯನ್ನು ನಡೆಸಿತು. ಇದರಲ್ಲಿ ಇರುವ ಮೋಡಕ್ಕೆ ಪ್ರಚೋದನೆ ಕೊಡಬಹುದೇ ಹೊರತು ಇಲ್ಲದ ಮೋಡವನ್ನು ಸೃಷ್ಟಿಸುವುದು ಸಾಧ್ಯವಿಲ್ಲ. ವಿಮಾನವಾಗಲಿ, ಜಪವಾಗಲಿ, ಆಕಾಶದ ಮುಂದೆ ಮನುಷ್ಯನ ಕೈ ಚಿಕ್ಕದು.

ಕಡಿಯದ ಬನ, ಕಬ್ಬಿಣ ಮುಟ್ಟಿಸದ ತೊಗಟೆ

ಮಳೆಯ ಮಾತು ಇಷ್ಟಾಯಿತು. ಗಿಡಮರಗಳೊಡನೆ ಈ ಜನ ಇಟ್ಟುಕೊಂಡಿರುವ ಸಂಬಂಧವೂ ಇಷ್ಟೇ ವಿಚಿತ್ರ, ಇಷ್ಟೇ ಅರ್ಥವತ್ತಾದದ್ದು.

ಗೌಡರ ಚೌಡಿಯಿರುವ ಅತ್ತಿಯ ಮರದ ಸುತ್ತ ಅರ್ಧ ಎಕರೆಯಷ್ಟು ಜಾಗದಲ್ಲಿ ಕತ್ತಿ ಆಡುವುದಿಲ್ಲ. ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ಒಯ್ಯುವುದಿಲ್ಲ. ಇಂತಹ ಬನಗಳು ಮಲೆನಾಡಿನ ತೋಟಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ಕೆಲವು ಚೌಡಿಯವು, ಕೆಲವು ನಾಗನವು, ಮತ್ತೆ ಕೆಲವು ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದ ತುಳುವರು ತಮ್ಮೊಡನೆ ತಂದ ಪಂಜುರ್ಲಿ, ಗುಳಿಗ, ಕಲ್ಕುಡ ಮೊದಲಾದ ದೈವಗಳವು. ದೈವದ ಭಯದಿಂದ ಉಳಿದ ಈ ಹಸುರಿನ ತುಣುಕುಗಳಲ್ಲಿ ಕಾಡಿನ ಬೇರೆಲ್ಲಿಯೂ ಉಳಿಯದ ಮರಬಳ್ಳಿಗಳು ಉಳಿದುಕೊಂಡಿವೆಯೆಂದು ಮಾಧವ ಗಾಡ್ಗೀಳ್, ವರ್ತಕ್ ಮೊದಲಾದ ವಿದ್ವಾಂಸರು 1970ರ ದಶಕದಲ್ಲಿಯೇ ಪಶ್ಚಿಮಘಟ್ಟದ ದೇವರಕಾಡುಗಳನ್ನು ಅಭ್ಯಾಸ ಮಾಡಿ ತೋರಿಸಿಕೊಟ್ಟರು. ಗೌಡರ ಮನೆಗೆ ಬೇಸಗೆಯಲ್ಲಿಯೂ ಬತ್ತದ ನೀರು ಬರುವುದು ಈ ಬನದ ಕೆಳಗಿನ ಒರತೆಯಿಂದ.

ಆಷಾಢದ ಅಮಾವಾಸ್ಯೆಯ ದಿನ, ತುಳುವರ ಆಟಿ ಅಮಾವಾಸ್ಯೆಯಂದು, ಬೆಳಕು ಹರಿಯುವ ಮುನ್ನ ಹಾಲೆಯ ಮರದ ತೊಗಟೆಯನ್ನು ತಂದು ಕಷಾಯ ಮಾಡಿ ಮನೆಮಂದಿಯೆಲ್ಲ ಕುಡಿಯುವ ಪದ್ಧತಿಯಿದೆ. ತೊಗಟೆಗೆ ಕಬ್ಬಿಣ ತಾಗಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು ಎಂಬುದು ನಿಯಮ. ಇದು ಕೇವಲ ಮಂತ್ರಾಚಾರದಂತೆ ತೋರುತ್ತದೆ. ಆದರೆ ಮರವನ್ನು ಹಿಂದಿನ ದಿನವೇ ಗುರುತಿಸಿಟ್ಟುಕೊಳ್ಳಬೇಕೆಂಬ ಇನ್ನೊಂದು ನಿಯಮವೂ ಇದೆ. ಕತ್ತಲೆಯಲ್ಲಿ ಗುರುತು ತಪ್ಪಿ ಕಾಸರಕದ ತೊಗಟೆಯನ್ನು ತಂದರೆ ಅದು ಪ್ರಾಣಾಪಾಯದ ವಿಷ. ಆಚಾರವೆಂದು ಕಂಡದ್ದರ ಒಳಗೆ ಎಚ್ಚರಿಕೆಯೊಂದು ಕುಳಿತಿರುತ್ತದೆ. ಆಚಾರವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಮರೆತವನಿಗೆ ಮಾತ್ರ ಅಪಾಯ.

ಇನ್ನು ಆಶ್ವಯುಜದ ಹುಣ್ಣಿಮೆಗೆ ಬರುವ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಬತ್ತದ ಗದ್ದೆಯನ್ನು ಬಸುರಿ ಹೆಣ್ಣೆಂದು ಭಾವಿಸಿ, ರಾತ್ರಿಯೆಲ್ಲ ಅಡಿಗೆ ಮಾಡಿ, ಹತ್ತಾರು ಬಗೆಯ ಸೊಪ್ಪುಗಳನ್ನು ಬೆರೆಸಿ ಬೇಯಿಸಿ, ನಸುಕಿನಲ್ಲಿ ದೀವಟಿಗೆ ಹಿಡಿದು ಹೋಗಿ ಗದ್ದೆಗೆ ಎಡೆ ಬೀರುತ್ತಾರೆ. ಬಸುರಿಯ ಬಯಕೆ ತೀರಿಸಬೇಕೆಂಬುದಕ್ಕಿಂತ ಬೇರೆ ತತ್ತ್ವ ಅದರಲ್ಲಿಲ್ಲ. ಆದರೆ ಆ ಸೊಪ್ಪುಗಳನ್ನು ಆಯಲು ತಾಯಿಯ ಹಿಂದೆ ಹೋದ ಮಗಳಿಗೆ ಕಾಡಿನ ಎಲೆಗಳ ಪರಿಚಯ ಶಾಲೆಯಿಲ್ಲದೆ ಆಗಿಹೋಗುತ್ತದೆ.

ಮಾಟವೆಂದರೆ ಇದೇ ಆಗಿದ್ದಿದ್ದರೆ ನಮ್ಮ ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು.

ನಿಂಬೆಹಣ್ಣಿನ ಕಥೆ

ಮೂರನೆಯ ದಿನ ರಾತ್ರಿ, ಊಟವಾದ ಮೇಲೆ, ಗೌಡರು ಹಳೆಯ ಪುಸ್ತಕವೊಂದನ್ನು ತೆಗೆದು ಒಂದು ಪುಟವನ್ನು ತೋರಿಸಿದರು. ಸುಮಾರು 45 ವರ್ಷಗಳ ಹಿಂದಿನದು. ಅಕ್ಷರ ಅವರ ತಂದೆಯದು. ಮಳೆಯ ಅಂಕಿಯ ಮುಂದೆ “ಪ್ರಶ್ನೆ ಇಡಿಸಿದೆವು” ಎಂದು ಬರೆದಿತ್ತು.

ಆ ವರ್ಷ ಮೇಲಿನ ಓರೆಯ ಅರೇಬಿಕಾ ಗಿಡಗಳು ಒಂದೊಂದಾಗಿ ಹಳದಿಯಾಗಿ ಬಾಡತೊಡಗಿದವಂತೆ. ನೀರಿತ್ತು, ಗೊಬ್ಬರವಿತ್ತು; ಆದರೂ ಗಿಡ ಸಾಯುತ್ತಿತ್ತು. ಆ ಸಮಯಕ್ಕೆ ಕೊಟ್ಟಿಗೆಯಲ್ಲಿ ಎರಡು ದನಗಳೂ ಸತ್ತವು. ಒಂದು ಬೆಳಿಗ್ಗೆ ಗಿಡದ ಬುಡದಲ್ಲಿ ಕಳೆ ತೆಗೆಯುತ್ತಿದ್ದ ಆಳಿನ ಗುದ್ದಲಿಗೆ ಕಪ್ಪಾದ ನಿಂಬೆಹಣ್ಣೊಂದು ಸಿಕ್ಕಿತು. ಅದಕ್ಕೆ ಮೊಳೆ ಚುಚ್ಚಿತ್ತು. ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ರೆಯಿಲ್ಲ.

ಘಟ್ಟದ ಕೆಳಗಿನಿಂದ ಮಂತ್ರವಾದಿಯೊಬ್ಬನನ್ನು ಕರೆಸಿದರು. ಅವನು ಕವಡೆ ಹಾಕಿ ಹೇಳಿದ್ದು: ಕೈ ಹೆಂಗಸಿನದು, ಮನೆ ಮೂಡಲ ದಿಕ್ಕಿನಲ್ಲಿದೆ, ಗಿಡಮೂಲಿಕೆ ಬಲ್ಲವಳು.

ಮೂಡಲ ದಿಕ್ಕಿನಲ್ಲಿ ಗಿಡಮೂಲಿಕೆ ಬಲ್ಲ ಹೆಂಗಸು ಒಬ್ಬಳೇ ಇದ್ದಳು. ಗಂಡ ತೀರಿಕೊಂಡು, ಒಬ್ಬ ಮಗನೊಡನೆ ತೋಟದ ಅಂಚಿನ ಗುಡಿಸಿನಲ್ಲಿದ್ದ ಆಕೆಯನ್ನು ಎಲ್ಲರೂ ಅಕ್ಕಯ್ಯ ಎನ್ನುತ್ತಿದ್ದರು. ಮಕ್ಕಳಿಗೆ ಕೆಮ್ಮು ಬಂದರೆ, ಬಾಣಂತಿಗೆ ಮೈ ನೋವಾದರೆ ಸೊಪ್ಪು ಅರೆದು ಕೊಡುತ್ತಿದ್ದವಳು. ಗೌಡರಿಗೆ ಚಿಕ್ಕಂದಿನಲ್ಲಿ ಜಾಂಡೀಸು ಬಂದಾಗ ಹಗಲೂ ರಾತ್ರಿ ಕುಳಿತು ನೋಡಿಕೊಂಡವಳೂ ಆಕೆಯೇ.

“ಯಾರೂ ಆಕೆಗೆ ಹೊಡೆಯಲಿಲ್ಲ ಸ್ವಾಮೀ, ಬೈಯಲೂ ಇಲ್ಲ” ಎಂದರು ಗೌಡರು. “ಅಷ್ಟು ಹೇಳಿಕೊಂಡು ನಾವು ನಮ್ಮನ್ನು ಸಮಾಧಾನ ಮಾಡಿಕೊಂಡದ್ದು. ಆದರೆ ಆಕೆ ಕೊಟ್ಟ ಸೊಪ್ಪನ್ನು ಯಾರೂ ತೆಗೆದುಕೊಳ್ಳಲಿಲ್ಲ. ನಮ್ಮ ಅವ್ವ ಜಗುಲಿಗೆ ಹತ್ತಿಸಲಿಲ್ಲ. ಎದುರಿಗೆ ಬಂದರೆ ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಕೆಲಸಕ್ಕೆ ಕರೆಯಲಿಲ್ಲ. ಒಂದು ದಿನ ಮಗನ ಕೈ ಹಿಡಿದುಕೊಂಡು ಘಟ್ಟ ಇಳಿದುಹೋದಳು. ಹೋಗುವ ಮೊದಲು ನಮ್ಮ ಅಂಗಳದಲ್ಲಿ ನಿಂತು, ‘ನಿಮ್ಮ ಗಿಡ ನಾನು ಕೊಂದೆನೇ ಅಪ್ಪಯ್ಯ?’ ಎಂದು ನನ್ನ ತಂದೆಯನ್ನು ಕೇಳಿದಳು. ತಂದೆ ಒಳಗೆ ಎದ್ದುಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಇಪ್ಪತ್ತೈದು ವರ್ಷದ ಗಂಡಸು, ಕಾಲೇಜು ಓದಿದವನು. ಹೊರಗೆ ಬರಲಿಲ್ಲ.”

ಆಕೆ ಹೋದ ಮೇಲೆಯೂ ಗಿಡಗಳು ಸಾಯುವುದು ನಿಲ್ಲಲಿಲ್ಲ. ಕೊನೆಗೆ ಗೌಡರು ಬಾಡಿದ ಒಂದು ಗಿಡವನ್ನು ಬೇರುಸಹಿತ ಕಿತ್ತು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಯ್ದರು. ಮೈಸೂರು ಸರ್ಕಾರವು 1925ರಲ್ಲಿ ಸ್ಥಾಪಿಸಿದ ಕೇಂದ್ರವದು. ಅಲ್ಲಿಯವರು ಕಾಂಡವನ್ನು ಉದ್ದಕ್ಕೆ ಸೀಳಿದರು. ಒಳಗೆಲ್ಲ ಸುರಂಗ; ಸುರಂಗದ ಕೊನೆಯಲ್ಲಿ ಬೆಳ್ಳಗಿನ ಒಂದು ಹುಳು.

ಬಿಳಿ ಕಾಂಡಕೊರಕ. ಅದರ ದುಂಬಿ ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡವನ್ನು ಕೊರೆಯುತ್ತ ಒಳಗೇ ಬೆಳೆಯುತ್ತದೆ. ಬಿಸಿಲು ಬೀಳುವ ಗಿಡಗಳೆಂದರೆ ಅದಕ್ಕೆ ಬಹಳ ಪ್ರೀತಿ. ಅದಕ್ಕೆ ಮದ್ದೆಂದರೆ ನೆರಳನ್ನು ಕಾಪಾಡುವುದು, ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆದು ಸುಣ್ಣ ಬಳಿಯುವುದು, ಹುಳು ಹೊಕ್ಕ ಗಿಡವನ್ನು ಕಿತ್ತು ಸುಡುವುದು. ಮೇಲಿನ ಓರೆಯ ನೆರಳಿನ ಮರಗಳನ್ನು ಹಿಂದಿನ ವರ್ಷವೇ ಮಾರಾಟಕ್ಕೆಂದು ಕಡಿಸಿದವರು ಗೌಡರ ತಂದೆಯೇ.

“ಹಾಗಾದರೆ ಆ ನಿಂಬೆಹಣ್ಣು?” ಎಂದು ನಮ್ಮ ಗೃಹಿಣಿ ಕೇಳಿದರು.

ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದೂ ನಮ್ಮದೇ ತಾಯಿ. ಅದಕ್ಕಿಂತ ಮೂರು ವರ್ಷ ಮೊದಲು ತೋಟಕ್ಕೆ ದೃಷ್ಟಿಯಾಗಬಾರದೆಂದು ಅಜ್ಜ ದಿಗ್ಬಂಧನ ಮಾಡಿಸಿದ್ದರಂತೆ. ನಾಲ್ಕು ಮೂಲೆಯಲ್ಲಿ ಹಣ್ಣು ಹೂಳಿಸಿದ್ದರು. ಅಜ್ಜ ತೀರಿಕೊಂಡಿದ್ದರು. ಆ ಕೆಲಸ ಮಾಡಿದ ಆಳು ಎಷ್ಟೋ ದಿನದ ಮೇಲೆ ನೆನಪು ಮಾಡಿಕೊಂಡು ಹೇಳಿದ. ಅಷ್ಟು ಹೊತ್ತಿಗೆ ಅಕ್ಕಯ್ಯ ಎಲ್ಲಿದ್ದಾಳೆಂದು ಹೇಳುವವರು ಯಾರೂ ಇರಲಿಲ್ಲ. ಘಟ್ಟದ ಕೆಳಗೆ ಎರಡು ಸಲ ಹೋಗಿ ಹುಡುಕಿದೆ. ಸಿಗಲಿಲ್ಲ.”

ಕಾನೂನು ಎಳೆದ ಗೆರೆ

ಈ ಕಥೆಯಲ್ಲಿ ಕೊಲೆಯಿಲ್ಲ, ರಕ್ತವಿಲ್ಲ. ಆದರೆ ಜಗತ್ತಿನಲ್ಲಿ ಮಾಟಗಾತಿಯರೆಂಬ ಹೆಸರಿನಲ್ಲಿ ನಡೆದ ಅನ್ಯಾಯಗಳೆಲ್ಲವೂ ಇದೇ ಹೆಜ್ಜೆಯಿಂದ ಪ್ರಾರಂಭವಾದುವು. 1692ರಲ್ಲಿ ಅಮೆರಿಕದ ಸೇಲಂ ಎಂಬಲ್ಲಿ 19 ಮಂದಿಯನ್ನು ಮಾಟದ ಆರೋಪದ ಮೇಲೆ ಗಲ್ಲಿಗೇರಿಸಿದರು. ಇಂಗ್ಲೆಂಡಿನಲ್ಲಿ 1735ರಿಂದ ಇದ್ದ ಮಾಟದ ಕಾಯಿದೆಯನ್ನು 1951ರಲ್ಲಿ ರದ್ದುಪಡಿಸಲಾಯಿತು. ಅದಾದ ಮೂರು ವರ್ಷಕ್ಕೆ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬಾತನು ಮಾಟವನ್ನು ಒಂದು ಪುರಾತನ ಧರ್ಮವೆಂದೇ ವರ್ಣಿಸಿ ಪುಸ್ತಕ ಬರೆದನು. ಇಂದು ಪಾಶ್ಚಾತ್ಯ ದೇಶಗಳಲ್ಲಿ ತಮ್ಮನ್ನು ಮಾಟಗಾತಿಯರೆಂದು ತಾವೇ ಹೆಮ್ಮೆಯಿಂದ ಕರೆದುಕೊಂಡು, ಹುಣ್ಣಿಮೆ ಅಮಾವಾಸ್ಯೆಗಳನ್ನು ಆಚರಿಸುತ್ತ, ಮೂಲಿಕೆಗಳನ್ನು ಬೆಳೆಸುತ್ತ, ಋತುಗಳನ್ನು ಪೂಜಿಸುವ ಸುಶಿಕ್ಷಿತರಿದ್ದಾರೆ. ಅವರು ಭೂಮಿ ಹುಣ್ಣಿಮೆಯನ್ನು ಕಂಡರೆ ತಮ್ಮ ಮನೆಯ ಹಬ್ಬವೆಂದೇ ಭಾವಿಸಿಯಾರು. ಆದರೆ ತಾನಾಗಿ ಇಟ್ಟುಕೊಂಡ ಹೆಸರಿಗೂ ಊರು ಹಣೆಗೆ ಅಂಟಿಸಿದ ಹೆಸರಿಗೂ ಇರುವ ಅಂತರ ಅಕ್ಕಯ್ಯನಿಗೆ ಗೊತ್ತು.

ನಮ್ಮಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿ ದೇಶದ ಗಮನವನ್ನು ಸೆಳೆದರು. ದೀರ್ಘಕಾಲದ ಚರ್ಚೆಯ ನಂತರ ಕರ್ನಾಟಕದ ಶಾಸನಸಭೆಯು 2017ರಲ್ಲಿ ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಗಟ್ಟುವ ಕಾಯಿದೆಯನ್ನು ಅಂಗೀಕರಿಸಿತು; ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ನಿಧಿಗಾಗಿ ಬಲಿಕೊಡುವುದು, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಚೇಳು ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆಯನ್ನು ತಪ್ಪಿಸಿ ಮಂತ್ರ ಹಾಕುವುದು, ಒಬ್ಬರನ್ನು ಮಾಟಗಾರರೆಂದು ಸಾರಿ ಅವರ ಬಾಳನ್ನು ದುರ್ಭರಗೊಳಿಸುವುದು ಇವೆಲ್ಲವೂ ಈಗ ಅಪರಾಧಗಳು. ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ, 5,000 ರೂಪಾಯಿಯಿಂದ 50,000 ರೂಪಾಯಿವರೆಗೆ ದಂಡ. ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆ, ಮನೆಯ ಮತ್ತು ಗುಡಿಯ ಪೂಜೆಗಳನ್ನು ಕಾಯಿದೆ ಮುಟ್ಟುವುದಿಲ್ಲ.

ಗೆರೆ ಎಲ್ಲಿದೆಯೆಂಬುದನ್ನು ವಾಚಕರು ಗಮನಿಸಬೇಕು. ಅದು ದೇವರಿದ್ದಾನೆಯೋ ಇಲ್ಲವೋ ಎಂಬಲ್ಲಿಲ್ಲ. ಮಂತ್ರಕ್ಕೆ ಶಕ್ತಿಯಿದೆಯೋ ಇಲ್ಲವೋ ಎಂಬಲ್ಲಿಯೂ ಇಲ್ಲ. ನಂಬಿಕೆಯ ಬೆರಳು ಯಾರ ಕಡೆಗೆ ತೋರಿಸುತ್ತಿದೆ ಎಂಬಲ್ಲಿದೆ. ಕಿಗ್ಗಾದಲ್ಲಿ ಮಳೆ ಬೇಡಿದವನು ಆಕಾಶದ ಕಡೆಗೆ ಕೈಯೆತ್ತುತ್ತಾನೆ. ಮಳೆ ಬಾರದಿದ್ದರೆ ನಷ್ಟ ಅವನದೇ. ಆದರೆ ಬಯಲುಸೀಮೆಯ ಕೆಲವು ಕಡೆ ಮಳೆ ಹೋದಾಗ, ತೊನ್ನು ಇದ್ದವರ ಶವವನ್ನು ಹೂತದ್ದೇ ಕಾರಣವೆಂದು ಗೋರಿಯನ್ನಗೆದು ಹೆಣವನ್ನು ಸುಟ್ಟ ಪ್ರಸಂಗಗಳು ನಡೆದಿವೆ. ಅದೇ ಮಳೆ, ಅದೇ ಭಯ. ಬೆರಳು ಮಾತ್ರ ಮನುಷ್ಯನ ಕಡೆಗೆ ತಿರುಗಿತು. ಅದೂ ಉತ್ತರ ಹೇಳಲಾರದವರ ಕಡೆಗೆ. ಸತ್ತವರು, ವಿಧವೆಯರು, ಒಂಟಿಯಾಗಿರುವವರು, ಗಿಡಮೂಲಿಕೆ ಬಲ್ಲ ಬಡವರು.

ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡು ಬರೆದ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬನನ್ನು ಹಳ್ಳಿಯ ಮಂದಣ್ಣನ ಜೊತೆಗೆ ಕಾಡಿಗೆ ಕಳುಹಿಸಿದ್ದಾರೆ. ಕಾಡನ್ನು ಬಲ್ಲವನೂ ಪುಸ್ತಕವನ್ನು ಬಲ್ಲವನೂ ಕೂಡಿಯೇ ಹುಡುಕಬೇಕೆಂಬುದು ಆ ಮಲೆಗಳ ಪಾಠ. ಆ ದಿನ ಗೌಡರ ಮನೆಯವರು ಕವಡೆಯವನ ಬದಲು ಅಕ್ಕಯ್ಯನನ್ನೇ ಕರೆದು, “ಈ ಗಿಡಕ್ಕೇನಾಗಿದೆ ನೋಡು” ಎಂದು ಕೇಳಿದ್ದರೆ? ಗಿಡಗಳನ್ನು ಬಲ್ಲ ಆಕೆಯ ಕಣ್ಣಿಗೆ ತೊಗಟೆಯ ಉಬ್ಬು ಬಿದ್ದರೂ ಬೀಳುತ್ತಿತ್ತು.

ಕೊನೆಯ ಷರಾ

ನಾವು ಹೊರಡುವ ದಿನ ಬೆಳಿಗ್ಗೆ ಹೂವೆಲ್ಲ ಕಂದಾಗಿತ್ತು. ಮೇಲಿನ ಓರೆಗೆ ಗೌಡರು ನಮ್ಮನ್ನು ಕರೆದೊಯ್ದರು. ಅಂದು ಬೋಳಾಗಿದ್ದ ಜಾಗದಲ್ಲಿ ಈಗ ಹಾಲುವಾಣ, ಅತ್ತಿ, ನಂದಿಯ ಮರಗಳು ಎತ್ತರಕ್ಕೆ ನಿಂತಿವೆ. ಅವುಗಳ ಸೋಸಿದ ಬಿಸಿಲಿನಲ್ಲಿ ಅರೇಬಿಕಾ ಗಿಡಗಳು ನಳನಳಿಸುತ್ತಿವೆ. ಪ್ರತಿಯೊಂದರ ಕಾಂಡಕ್ಕೂ ಸುಣ್ಣ ಬಳಿದಿದೆ. ಅಕ್ಕಯ್ಯನ ಗುಡಿಸಿಲಿದ್ದ ಅಂಚಿನ ಜಾಗವನ್ನು ಮಾತ್ರ ತೋಟಕ್ಕೆ ಸೇರಿಸಿಲ್ಲ. ಅಲ್ಲಿ ಆಕೆ ನೆಟ್ಟಿದ್ದ ಆಡುಸೋಗೆ ಮತ್ತು ದೊಡ್ಡಪತ್ರೆ ಇನ್ನೂ ಹಬ್ಬಿಕೊಂಡಿವೆ. ಕೂಲಿ ಲೈನಿನ ಹೆಂಗಸೊಬ್ಬಳು ಕೆಮ್ಮುತ್ತಿದ್ದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಲ್ಲಿ ಎಲೆ ಕೀಳುತ್ತಿದ್ದಳು.

“ವರ್ಷಕ್ಕೊಮ್ಮೆ ಚೌಡಿಗೆ ಎಡೆ ಇಡುವಾಗ ಇಲ್ಲಿಯೂ ಒಂದು ಎಲೆ ಹಾಕುತ್ತೇನೆ” ಎಂದರು ಗೌಡರು. “ದೈವಕ್ಕೆಂದಲ್ಲ. ಉಣ್ಣುವವರಿಗೆ ಅನ್ನ ಸೇರಲಿ, ನನಗೆ ನೆನಪಿರಲಿ ಎಂದು.”

ಮನೆಗೆ ಬಂದ ಮೇಲೆ ಅವರು ಮಾಪಕವನ್ನು ನೋಡಿ, ಮಳೆ ಇಲ್ಲವೆಂದು ಪುಸ್ತಕದಲ್ಲಿ ಸೊನ್ನೆ ಬರೆದರು. ಇನ್ನು ಮೂರು ವಾರದೊಳಗೆ ಒಂದು ಒಳ್ಳೆಯ ಮಳೆ ಬರಬೇಕು. ಬಾರದಿದ್ದರೆ ಕೆರೆಯಿಂದ ನೀರು ಹಾಯಿಸಬೇಕು; ಕಿಗ್ಗಾಕ್ಕೂ ಹೋಗಬೇಕು. ಗೌಡರಿಗೆ ಎರಡರ ಬಗೆಗೂ ಸಂಕೋಚವಿಲ್ಲ. ಕವಡೆಯವನನ್ನು ಮಾತ್ರ ಆ ಮನೆಯ ಜಗುಲಿಗೆ ಮತ್ತೆ ಹತ್ತಿಸಿಲ್ಲ.